ನರ್ಸಬಾಯಿ ಮೋಟಾರಿನ ಚಾಸಿ ನಂಬರು

ಗಾಡಿಯ ಚಾಸಿ ನಂಬರನ್ನು ಪೆನ್ಸಿಲಿನಿಂದ ತಿಕ್ಕಿ ಕಾಗದಕ್ಕೆ ಇಳಿಸುವುದನ್ನು ಕಲಿಯಲು ನನಗೆ ಎಂಟು ತಿಂಗಳು ಹಿಡಿಯಿತು. ಈಗ ಈ ಕೆಲಸಕ್ಕೆ ಬರುವವರು ನಗಬಹುದು. ನಿಮ್ಮ ಕೈಯಲ್ಲಿ ಮೊಬೈಲು ಇದೆ. ಒಂದು ಫೋಟೊ ಹೊಡೆದರೆ ನಂಬರು, ಸ್ಥಳ, ಸಮಯ ಎಲ್ಲ ಅದರಲ್ಲೇ ಬಂದುಬಿಡುತ್ತದೆ. ನಾವು ಗಾಡಿಯ ಕೆಳಗೆ ಅಂಗಾತ ಮಲಗಿ, ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಗ್ರೀಸು ಒರೆಸಿ, ತೆಳ್ಳನೆಯ ಕಾಗದ ಒತ್ತಿ ಹಿಡಿದು, ಮೆತ್ತನೆಯ ಪೆನ್ಸಿಲನ್ನು ಅಡ್ಡಡ್ಡ ಆಡಿಸುತ್ತಿದ್ದೆವು. ಜೋರಾಗಿ ತಿಕ್ಕಿದರೆ ಕಾಗದ ಹರಿಯುತ್ತದೆ, ಹಗುರಾಗಿ ತಿಕ್ಕಿದರೆ ಎಂಟು ಮೂರಾಗುತ್ತದೆ. ಸರಿಯಾಗಿ ತಿಕ್ಕಿದಾಗ ಕಪ್ಪಿನೊಳಗಿಂದ ಅಂಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದು ಬರುತ್ತವಲ್ಲ, ಆ ಗಳಿಗೆಗೆ ನನ್ನ ಎದೆ ವೃತ್ತಿಯುದ್ದಕ್ಕೂ ಡವಗುಟ್ಟಿದೆ. ನಿವೃತ್ತನಾದ ಮೇಲೂ ಎಲ್ಲಾದರೂ ಹಳೆಯ ಗಾಡಿ ಕಂಡರೆ ಕೈ ತುರಿಸುತ್ತದೆ.

ನಾನು ವಾಹನ ವಿಮೆಯ ಸರ್ವೇಯರ್ ಆಗಿದ್ದವನು. ಅಪಘಾತವಾದ ಗಾಡಿಯನ್ನು ನೋಡಿ, ಅದು ಕಾಗದದಲ್ಲಿರುವ ಗಾಡಿಯೇ ಹೌದೋ ಅಲ್ಲವೋ, ಆಗಿರುವ ಪೆಟ್ಟು ಖರೆಯೋ ಸುಳ್ಳೋ ಎಂದು ವರದಿ ಬರೆಯುವುದು ನಮ್ಮ ಕೆಲಸ. ಇದರಲ್ಲಿ ಬಡ್ತಿ ಎಂಬುದಿಲ್ಲ. ಮೊದಲ ದಿನವೂ ಸರ್ವೇಯರ್, ಕೊನೆಯ ದಿನವೂ ಸರ್ವೇಯರ್. ನಡುವೆ ಬದಲಾಗುವುದು ಕನ್ನಡಕದ ನಂಬರು ಮಾತ್ರ.

ನನಗೆ ಕೆಲಸ ಕಲಿಸಿದವರು ಹುಬ್ಬಳ್ಳಿಯ ಕಟ್ಟಿ ಸಾಹೇಬರು. ಮಡಿವಂತರು, ಆದರೆ ಗ್ರೀಸಿಗೆ ಮಡಿಯಿಲ್ಲ ಎನ್ನುತ್ತಿದ್ದರು. ಮೊದಲ ವಾರವೇ ನನ್ನನ್ನು ಒಂದು ಲಾರಿಯ ಕೆಳಗೆ ತಳ್ಳಿ, ತಾವು ಹೊರಗೆ ಕುಕ್ಕರಗಾಲಲ್ಲಿ ಕೂತು ಕೂಗಿದರು.

“ಪ್ರಹ್ಲಾದ, ಕಣ್ಣು ಮುಚ್ಚು. ಬೆರಳಲೆ ಮುಟ್ಟಿ ನಂಬರ್ ಹೇಳು.”

“ಕಾಣಸಲಾರದ ಹ್ಯಾಂಗ ಹೇಳ್ಲಿ ಸರ್?”

“ಲೇ, ಕಣ್ಣಿಗೆ ಏನು ಬೇಕೋ ಅದನ್ನ ನೋಡ್ತದ ಅದು. ಬೆರಳಿಗೆ ಆಶಾ ಇಲ್ಲ, ನಾಚಿಕಿ ಇಲ್ಲ. ಇದ್ದದ್ದನ್ನ ಹೇಳ್ತದ. ಮುಟ್ಟು.”

ಅವರ ಮಾತು ಬೇಗನೇ ಉಪಯೋಗಕ್ಕೆ ಬಂತು. ನಾನು ಬಾಗಲಕೋಟೆಗೆ ಬಂದು ಸ್ವಂತ ಕಚೇರಿ ತೆರೆದ ಮರುವರ್ಷ, ಅಮೀನಗಡದ ಹತ್ತಿರ ಒಂದು ಲಾರಿ ಉರುಳಿತು. ಕರದಂಟಿನ ಅಂಗಡಿಗಳ ಎದುರಿಗೇ ಬಿದ್ದಿದ್ದರಿಂದ ಬಸ್ಸಿಳಿದವರೆಲ್ಲ ಕರದಂಟು ತಿನ್ನುತ್ತ ನನ್ನ ಸರ್ವೇ ನೋಡಿದರು. ಮುಂದಿನ ಅರ್ಧ ನಜ್ಜುಗುಜ್ಜು, ಹಿಂದಿನ ಅರ್ಧ ಹೊಸತರ ಹಾಗೆ. ಕಣ್ಣಿಗೆ ಎಲ್ಲ ಸರಿಯಾಗಿತ್ತು. ಫ್ರೇಮಿನ ಮೇಲೆ ಬೆರಳು ಎಳೆದುಕೊಂಡು ಹೋದೆ. ನಡುವೆ ಬಣ್ಣದಡಿ ಅಕ್ಕಿಕಾಳಿನಷ್ಟು ದಪ್ಪದ ಬೆಸುಗೆ ತಾಗಿತು. ಕೆರೆದು ನೋಡಿದರೆ ಮುಂದಿನದು ಒಂದು ಲಾರಿ, ಹಿಂದಿನದು ಇನ್ನೊಂದು ಲಾರಿ! ಎರಡು ಗುಜರಿ ಸೇರಿಸಿ ಒಂದು ವಿಮೆ. ಅವತ್ತು ನನಗೆ ಬಂದ ಖುಷಿ ಹೇಳತೀರದು. ಇಡೀ ಜಿಲ್ಲೆಯಲ್ಲಿ ನನ್ನ ಹೆಸರಾಯಿತು. ಹೆಸರಾದ ಮೇಲೆ ಕೆಲಸ ಹೆಚ್ಚಾಯಿತು, ಕೆಲಸ ಹೆಚ್ಚಾದ ಮೇಲೆ ಗಾಡಿಯ ಕೆಳಗೆ ಮಲಗುವುದು ಕಡಿಮೆಯಾಯಿತು. ನಾನು ಹೇಳಬೇಕೆಂದಿರುವ ತಪ್ಪು ನಡೆದದ್ದು ಆ ದಿನಗಳಲ್ಲಿ. ಆದರೆ ಅದು ತಪ್ಪೆಂದು ನನಗೆ ಗೊತ್ತಾಗಲು ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ನಿವೃತ್ತಿಗೆ ಕೆಲವೇ ತಿಂಗಳು ಬಾಕಿಯಿತ್ತು. ಒಂದು ಮುಂಜಾನೆ ನವನಗರದ ನನ್ನ ಕಚೇರಿಗೆ ಐವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬರು ಬಂದರು. ಇಳಕಲ್ ಸೀರೆ, ಕೈಯಲ್ಲಿ ಸಾಲಿ ಮಕ್ಕಳ ಹಾಜರಿ ಪುಸ್ತಕದಂಥ ದಪ್ಪ ಕಡತ. ಹೆಸರು ಸುವರ್ಣಾ, ಹುನಗುಂದದ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ.

“ನಮ್ಮ ಅವ್ವನ ಮೋಟಾರ ಒಂದು ಐತ್ರಿ. ಅದು ಯಾರಿಂದ ಯಾರಿಗೆ ಬಂತು ಅನ್ನೂದು ಸಾಬೀತು ಮಾಡಬೇಕಾಗೇತಿ. ಹಳೇ ನಂಬರ್ ಓದೂದ್ರಾಗ ನಿಮ್ಮಂಗ ಯಾರೂ ಇಲ್ಲಂತ ಹೇಳಿದ್ರು,” ಎಂದರು.

“ಯಾವ ಗಾಡಿರಿ?”

ಅವರು ಒಂದು ಕಪ್ಪುಬಿಳುಪು ಫೋಟೊ ಮೇಜಿನ ಮೇಲಿಟ್ಟರು. ನಾನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟೆ. ಇಂಗ್ಲೆಂಡಿನಲ್ಲಿ ತಯಾರಾದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು! ಉದ್ದ ಮೂಗು, ತಂತಿಯ ಚಕ್ರ, ನೆಲಕ್ಕೆ ತಾಗುವಂತೆ ತಗ್ಗಿದ ಮೈ, ಮೇಲೆ ಚಾವಣಿಯಿಲ್ಲ. ಅಂಥದ್ದನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಸ್ಟೇರಿಂಗಿನ ಹಿಂದೆ ಬಿಳಿ ಸೀರೆಯ ಯುವತಿಯೊಬ್ಬಳು ಕೂತಿದ್ದಳು. ಹಿಂದೆ ಬಾದಾಮಿಯ ಕೆಂಪು ಬಂಡೆ.

“ಇವ್ರು?”

“ನಮ್ಮ ಅವ್ವ. ನೀಲವ್ವ. ಬಾದಾಮಿ ಸುತ್ತ ಹಳ್ಳ್ಯಾಗ ನರ್ಸ್ ಆಗಿದ್ಲು. ಈ ಮೋಟಾರದಾಗ ಹೆರಿಗಿ ಮಾಡಸಾಕ ಹೋಗ್ತಿದ್ಲು. ಎಲ್ಲಾರೂ ನರ್ಸಬಾಯಿ ಮೋಟಾರ ಅಂತಿದ್ರು.”

ಕಥೆ ಹೀಗಿತ್ತು. ಬಾದಾಮಿಯಲ್ಲಿ ಸ್ವಂತ ದವಾಖಾನೆ ಇಟ್ಟಿದ್ದ ದೇಶಪಾಂಡೆ ಎಂಬ ಡಾಕ್ಟರರು ಇಂಗ್ಲೆಂಡಿನಲ್ಲಿ ಓದಿ ಬರುವಾಗ ಈ ಕಾರನ್ನು ಹಡಗಿನಲ್ಲಿ ಮುಂಬೈಗೆ ತಂದು, ಅಲ್ಲಿಂದ ಊರಿಗೆ ತಂದಿದ್ದರು. ನೀಲವ್ವ ಅವರ ಕೈಕೆಳಗಿನ ನರ್ಸು. ಡಾಕ್ಟರರ ಕಣ್ಣು ಹೋಗತೊಡಗಿದಾಗ ಅವರು ಪುಣೆಯ ಮಗನ ಮನೆಗೆ ಹೊರಟರು. ಹೊರಡುವಾಗ ಕಾರನ್ನು ನೀಲವ್ವನಿಗೆ ದಾನಪತ್ರ ಬರೆದು ಕೊಟ್ಟರು. ಆಕೆ ಹೆಸರು ವರ್ಗಾಯಿಸಿಕೊಳ್ಳದೆ ಬಹಳ ವರ್ಷ ಓಡಿಸಿದರು. ಡಾಕ್ಟರರು ತೀರಿಕೊಂಡ ಮೇಲೆ ವರ್ಗಾವಣೆಗೆ ಅರ್ಜಿ ಹಾಕಿದಾಗ, ನೋಂದಣಿ ಪುಸ್ತಕವನ್ನು ಗೆದ್ದಲು ತಿಂದಿತ್ತು. ಉಳಿದಿದ್ದು ದಾನಪತ್ರ ಒಂದೇ. ವರ್ಗಾವಣೆಗೆ ಹೊಸ ವಿಮೆ ಬೇಕಿತ್ತು, ಅದಕ್ಕೆ ವಿಮಾ ಕಂಪನಿ ಸರ್ವೇಯರನ ವರದಿ ಕೇಳಿತು. ಗಾಡಿಯ ನಂಬರೇ ಬೇರೆ, ಪತ್ರದ ನಂಬರೇ ಬೇರೆ ಎಂದು ವರದಿ ಬಂತು. ಅರ್ಜಿ ಬಿದ್ದುಹೋಯಿತು.

“ಅಷ್ಟಕ್ಕ ಮುಗೀಲಿಲ್ರಿ,” ಎಂದರು ಸುವರ್ಣಾ. “ನಂಬರ್ ತಿದ್ದ್ಯಾಳ, ಡಾಕ್ಟರ್ ಮೋಟಾರ ಹೊಡಕೊಂಡಾಳ ಅಂದ್ರು. ಪೊಲೀಸರು ಮನಿಗೆ ಬಂದು ಹೋದ್ರು. ಏನೂ ಸಿಗಲಿಲ್ಲ, ಆದ್ರ ಓಣ್ಯಾಗ ಎಲ್ಲಾರೂ ನೋಡಿದ್ರಲ್ಲ. ಅವತ್ತ ಅವ್ವ ಮೋಟಾರಕ್ಕ ತಾಡಪತ್ರಿ ಹೊಚ್ಚಿದಾಕಿ, ಇವತ್ತಿನ ತನಕ ತಗದಿಲ್ಲ.”

ಈಗ ಹಳೆಯ ಗಾಡಿಗಳಿಗೆ ವಿಂಟೇಜ್ ನೋಂದಣಿ ಎಂಬ ಅನುಕೂಲ ಬಂದಿದೆ ಎಂದು ಕೇಳಿ ಮಗಳು ಮತ್ತೆ ಅರ್ಜಿ ಹಾಕಿದ್ದರು. ಅಷ್ಟರಲ್ಲಿ ಡಾಕ್ಟರರ ಮೊಮ್ಮಗ ಅನಿರುದ್ಧ ಪುಣೆಯಿಂದ ತಕರಾರು ಎತ್ತಿದ್ದ. ಅವನ ಬಳಿ ಮುಂಬೈ ಬಂದರಿನ ಕಸ್ಟಮ್ಸ್ ಕಾಗದವಿತ್ತು. ಅದರಲ್ಲಿ ಅಜ್ಜ ತಂದ ಕಾರಿನ ಚಾಸಿ ನಂಬರು 40718. ನೀಲವ್ವನ ದಾನಪತ್ರದಲ್ಲಿದ್ದದ್ದು 40798. ‘ಪತ್ರ ಬೇರೆ ಯಾವುದೋ ಗಾಡಿಯದು, ಈ ಕಾರು ನಮ್ಮ ಮನೆತನದ್ದು, ಹಿಂದಿನ ಸರ್ವೇ ವರದಿಯೂ ಇದನ್ನೇ ಹೇಳುತ್ತದೆ’ ಎಂಬುದು ಅವನ ವಾದ.

“ಆ ವರದಿ ತೋರಸ್ರಿ ನೋಡೋಣ,” ಎಂದೆ.

ಕಡತದ ತಳದಿಂದ ಅವರು ಒಂದು ನೆರಳಚ್ಚು ಪ್ರತಿ ತೆಗೆದರು. ಮುದ್ರೆ ಅಳಿಸಿಹೋಗಿತ್ತು, ಹೆಸರು ಓದಲು ಬರುತ್ತಿರಲಿಲ್ಲ. ಆದರೆ ಕೊನೆಯಲ್ಲಿ ಬಾಲ ಎಳೆದ ಆ ಸಹಿ ನನ್ನದು.

ಹಂಡ್ರೆಡ್ ಪರ್ಸೆಂಟ್ ನನ್ನದೇ. ಆದರೆ ಇಂಥ ಕಾರನ್ನು ನೋಡಿದ್ದರೆ ನಾನು ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಅಂದರೆ ನೋಡಿಯೇ ಇಲ್ಲ! ಮಾರ್ಚ್ ತಿಂಗಳ ಗಡಿಬಿಡಿಯಲ್ಲಿ ಏಜೆಂಟನೊಬ್ಬ ತಂದ ಪೆನ್ಸಿಲ್ ಅಚ್ಚು ಒಂದು ಕೈಯಲ್ಲಿ, ಪತ್ರದ ನಕಲು ಇನ್ನೊಂದು ಕೈಯಲ್ಲಿ. 1 ಮತ್ತು 9 ಬೇರೆ ಎಂದು ಬರೆದು, ಸಹಿ ಎಳೆದು, ಮುಂದಿನ ಕಾಗದಕ್ಕೆ ಕೈ ಹಾಕಿದ್ದೆ. ‘ಚಾಸಿ ನಂಬರಿನ ಪ್ಲೇಟ್ ಬದಲಾಗಿರುವ ಸಾಧ್ಯತೆ ಇದೆ’ ಎಂದು ಒಂದು ಸಾಲು ಬೇರೆ ಸೇರಿಸಿದ್ದೆ, ಜಾಣತನ ತೋರಿಸಲು.

ಸುವರ್ಣಾ ನನ್ನ ಮುಖ ನೋಡುತ್ತಿದ್ದರು. “ಯಾಕ್ರಿ, ಆಗೂದಿಲ್ಲೇನ?”

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. “ಕಾಗದ ಬಿಟ್ಟು ಹೋಗ್ರಿ, ನೋಡ್ತೇನಿ,” ಎಂದೆ. ನನ್ನ ವೃತ್ತಿಯಲ್ಲಿ ನಾಚಿಕೆಯಿಂದ ನೆನೆಯುವ ಮಾತು ಅದೊಂದು.

ಮರುದಿನ ಬೆಳಿಗ್ಗೆ ಚಹಾ ಕುಡಿಯುವುದನ್ನೂ ಮರೆತು ದಾನಪತ್ರವನ್ನು ಭೂತಗನ್ನಡಿಯ ಕೆಳಗಿಟ್ಟುಕೊಂಡು ಕೂತೆ. ನಂಬರನ್ನು ನೂರು ಸಲ ನೋಡಿದೆ. ನಾಲ್ಕು, ಸೊನ್ನೆ, ಏಳು, ಒಂಬತ್ತು, ಎಂಟು. ತಿದ್ದಿದ ಗುರುತಿಲ್ಲ. ಅದು ಒಂಬತ್ತೇ. ಬೇಸತ್ತು ಪತ್ರದ ಉಳಿದ ಭಾಗ ಓದತೊಡಗಿದೆ. ಮೊದಲು ಮಾಡಬೇಕಿದ್ದ ಕೆಲಸ ಅದು. ನಂಬರಿನ ಹೊರತು ಬೇರೇನನ್ನೂ ನಾನು ಅವತ್ತು ಓದಿರಲಿಲ್ಲ. ಡಾಕ್ಟರರ ಕಾರಕೂನ ಬರೆದ ಮುದ್ದಾದ ಕನ್ನಡ. ಕೆಳಗೆ ಡಾಕ್ಟರರ ಸಹಿ. ಅದರ ಪಕ್ಕ ಕಾರಕೂನನ ಕೈಯದೇ ತಾರೀಖು, ಇಸವಿ ಅಕ್ಷರದಲ್ಲಿ, ದಿನ ಅಂಕಿಯಲ್ಲಿ: ಜನವರಿ 39.

ಜನವರಿ ಮೂವತ್ತೊಂಬತ್ತು!

ನಾನು ಎದ್ದು ನಿಂತು ಕೂಗಿದ್ದಕ್ಕೆ ಹೆಂಡತಿ ಅಡಿಗೆಮನೆಯಿಂದ ಓಡಿ ಬಂದಳು.

“ಏನಾತ್ರಿ, ಚೇಳು ಕಡೀತೇನ?”

“ಜನವರಿ ತಿಂಗಳಿಗೆ ಎಷ್ಟು ದಿನ?”

“ಮೂವತ್ತೊಂದು.”

“ಹಂಗಾದ್ರ ಇದು ಒಂಬತ್ತಲ್ಲ, ಒಂದು! ಮರಾಠಿ ಒಂದು!”

ಮರಾಠಿ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಮರಾಠಿಯ ಒಂದು ಎಂಬ ಅಂಕಿ, १, ಇಂಗ್ಲಿಷಿನ ಒಂಬತ್ತಿನ ತಮ್ಮನಂತಿರುತ್ತದೆ. ನಮ್ಮ ಭಾಗ ಮುಂಬೈ ಪ್ರಾಂತದಲ್ಲಿದ್ದಾಗ ಮರಾಠಿ ಸಾಲಿಯಲ್ಲಿ ಲೆಕ್ಕ ಕಲಿತವರ ಕೈಯಲ್ಲಿ ಅದು ಹಾಗೇ ಉಳಿದಿತ್ತು. ಕಾರಕೂನ ಉಳಿದೆಲ್ಲ ಅಂಕಿಯನ್ನು ಇಂಗ್ಲಿಷಿನಲ್ಲಿ ಬರೆದು ಒಂದನ್ನು ಮಾತ್ರ ರೂಢಿಯಂತೆ ಮರಾಠಿಯಲ್ಲಿ ಬರೆದಿದ್ದ. ಪತ್ರದ ನಂಬರು 40718. ಕಾರಿನ ನಂಬರು 40718. ಒಂದೇ ಗಾಡಿ!

ಕುಣಿಯುವಷ್ಟು ಖುಷಿಯಾಯಿತು. ಮರುಕ್ಷಣವೇ ಪಕ್ಕದಲ್ಲಿದ್ದ ವರದಿಯ ಮೇಲಿನ ನನ್ನ ಸಹಿ ಕಂಡಿತು. ಒಂದು ಅಂಕಿಯನ್ನು ಓದಲು ಬರದ ನನ್ನಿಂದ ಒಬ್ಬ ಹೆಣ್ಣುಮಗಳು ಇಷ್ಟು ವರ್ಷ ಕಳ್ಳಿ ಎನ್ನಿಸಿಕೊಂಡಳು.

ಅನಿರುದ್ಧನಿಗೆ ಫೋನು ಮಾಡಿ ಹೇಳಿದೆ. ಪುಣೆಯಲ್ಲೇ ಹುಟ್ಟಿ ಬೆಳೆದರೂ ಅವನ ಮನೆಮಾತು ಕನ್ನಡ. ಮರ್ಯಾದಸ್ಥ ಹುಡುಗ, ಆದರೆ ಬಿಗಿ. “ಕಾಕಾ, ತಾರೀಖ ಒಂದ ನೋಡಿ ಹ್ಯಾಂಗ ಒಪ್ಪಲಿ? ಕಾರಕೂನ ಒಂದಕ್ಕ ಯಾವಾಗ್ಲೂ ಹಂಗ ಬರೀತಿದ್ದ ಅಂತ ತೋರಸ್ರಿ. ಮತ್ತ ಪ್ಲೇಟ್ ಬದ್ಲಿ ಆಗೇದ ಅಂತ ವರದಿಯೊಳಗದಲ್ಲ, ಅದಕ್ಕೇನು?” ಎಂದ. ನ್ಯಾಯವಾದ ಪ್ರಶ್ನೆಗಳೇ. ಎರಡನೆಯದಂತೂ ನಾನೇ ಹುಟ್ಟಿಸಿದ್ದು.

ಕಾರಕೂನನ ಹೆಸರು ಗೋವಿಂದರಾಯ ಎಂದು ಪತ್ರದಲ್ಲಿತ್ತು. ಬಾದಾಮಿಯಲ್ಲಿ ವಿಚಾರಿಸಿದರೆ ಮನೆತನ ಊರು ಬಿಟ್ಟು ಬಹಳ ದಿನವಾಗಿತ್ತು. ಮೂರು ಮನೆ ಕದ ತಟ್ಟಿದ ಮೇಲೆ ಒಬ್ಬ ಮುದುಕರು, “ಅವ್ರ ಮಗಳನ್ನ ಇಳಕಲ್ಲಿಗೆ ಕೊಟ್ಟಾರ, ಸಾಲಿ ಮಾಸ್ತರಗ,” ಎಂದರು. ಅಷ್ಟು ಸಾಕಾಯಿತು. ಬೆಳಗಿನ ಬಸ್ಸು ಹಿಡಿದು ಇಳಕಲ್ಲಿಗೆ ಹೋದೆ.

ಮಗಳ ಹೆಸರು ಕೃಷ್ಣಾಬಾಯಿ. ಎಪ್ಪತ್ತೈದು ದಾಟಿದವರು. ಎದುರು ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು; ಅದನ್ನು ಮೀರಿಸಿ ಮಾತಾಡುವುದು ಅವರಿಗೆ ರೂಢಿ.

“ನಮ್ಮಪ್ಪನ ಕೈಬರಹ? ಯಾಕ್ರಿ ಬೇಕಾಗೇದ ಈಗ?” ಎಂದು ಜಬರಿಸಿದರು. ವಿಷಯ ಹೇಳಿದೆ. ಅವರು ದನಿ ತಗ್ಗಿಸಿ, “ನೀಲವ್ವನ ಮೇಲೆ ಆ ಮಾತು ಬಂದಾಗ ನಾ ತವರಿಗೆ ಹೋಗಿದ್ದೆ. ಅಪ್ಪ ಹಾಸಿಗಿ ಹಿಡಿದಿದ್ರು. ನಾ ಬರದದ್ದು ಸರಿ ಅದ ಅಂತ ಗೋಡಿಗೆ ಹೇಳಿದಂಗ ಹೇಳ್ತಿದ್ರು. ಯಾರೂ ಬಂದು ಕೇಳಲೇ ಇಲ್ಲ,” ಎಂದರು.

ಯಾರೂ ಎಂದರೆ ನಾನು. ತಲೆ ತಗ್ಗಿಸಿ ಕೂತೆ.

ಅವರು ದೇವರ ಮನೆಯ ಗೂಡಿನಿಂದ ಒಂದು ರಟ್ಟಿನ ಪುಸ್ತಕ ತಂದರು. ಗೋವಿಂದರಾಯರು ಮನೆಯ ಮಕ್ಕಳು ಮೊಮ್ಮಕ್ಕಳು ಹುಟ್ಟಿದ ತಾರೀಖು, ಗಳಿಗೆ ಬರೆದಿಟ್ಟ ಪುಸ್ತಕ. ಮೊದಲ ಪುಟ ತಿರುಗಿಸಿದೆ. ಎಲ್ಲ ಅಂಕಿಯೂ ಇಂಗ್ಲಿಷು, ಒಂದು ಬಂದಲ್ಲೆಲ್ಲ ಮರಾಠಿಯ १! ಪುಟದಿಂದ ಪುಟಕ್ಕೆ ಹಾಗೇ. ನಿಜವಾದ ಒಂಬತ್ತು ಎಲ್ಲಿ ಬಂದಿದೆಯೋ ಅಲ್ಲಿ ಅದರ ಕಾಲು ನೆಟ್ಟಗೆ ಕೆಳಗಿಳಿದಿದೆ. ಒಂದಕ್ಕೆ ಮಾತ್ರ ಬಾಲ ಎಡಕ್ಕೆ ಸೊಟ್ಟಗಿದೆ. ಒಮ್ಮೆ ಕಂಡರೆ ಮತ್ತೆ ತಪ್ಪುವಂತೆಯೇ ಇಲ್ಲ.

“ಬಾಯಾರ, ಇದರ ಫೋಟೊ ತಗೊಳ್ಳಲೇನ್ರಿ?”

“ಫೋಟೊ ಯಾಕ, ಪುಸ್ತಕನ ಒಯ್ರಿ. ನಮ್ಮಪ್ಪ ಬರದದ್ದು ಸರಿ ಇತ್ತು ಅಂತ ಎಲ್ಲಾರಿಗೂ ತೋರಸ್ರಿ. ಆಮೇಲೆ ತಂದು ಕೊಡ್ರಿ ಮತ್ತ!” ಎಂದರು. ಹೊರಡುವಾಗ ಕೈಗೆ ಬೆಲ್ಲ, ನೀರು ಕೊಟ್ಟರು. ಅವರ ಕಣ್ಣು ಹೊಳೆಯುತ್ತಿದ್ದವು.

ಇನ್ನು ಉಳಿದದ್ದು ಪ್ಲೇಟಿನ ಪ್ರಶ್ನೆ. ಚಾಸಿ ನಂಬರು ಒತ್ತಿದ ತಗಡಿನ ಪ್ಲೇಟನ್ನು ಬದಲಿಸಬಹುದು. ಆದರೆ ಹಳೆಯ ಇಂಗ್ಲಿಷ್ ಗಾಡಿಗಳಲ್ಲಿ ಅದೇ ನಂಬರನ್ನು ಫ್ರೇಮಿನ ಕಬ್ಬಿಣಕ್ಕೂ ಕೊರೆದಿರುತ್ತಿದ್ದರು. ಎಲ್ಲಿ ಎಂದು ಹುಡುಕುವುದೇ ಕಷ್ಟ. ಬಾದಾಮಿ ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿದ್ದ ದಾವಲಸಾಬನನ್ನು ಕಂಡೆ. ಎಪ್ಪತ್ತರ ಮನುಷ್ಯ, ಈಗ ಗ್ಯಾರೇಜಿನಲ್ಲಿ ಮಗ ಕೂಡುತ್ತಾನೆ. ನರ್ಸಬಾಯಿ ಮೋಟಾರ ಎಂದೊಡನೆ ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ.

“ನಡ್ರಿ ಸಾಹೇಬ್ರ, ಹೋಗೋಣು.”

“ಎಲ್ಲಿ ಅಂತ ಕೇಳಲೇ ಇಲ್ಲಲ್ಲ?”

“ಹುನಗುಂದಕ್ಕ. ವರ್ಷಕ್ಕ ಎರಡ ಸಲ ಹೋಗಿ, ತಾಡಪತ್ರಿ ಮೂಲಿ ಅಷ್ಟ ಎತ್ತಿ, ಹ್ಯಾಂಡಲ್ ಹಾಕಿ ಎಂಜಿನ್ ತಿರುವಿ ಬರ್ತೇನ್ರಿ ನಾ. ಜಾಮ್ ಆಗಬಾರದು ನೋಡ್ರಿ. ನಾ ಹುಟ್ಟಿದ್ದು ಆ ಬಾಯಿ ಕೈಯಾಗ ಅಲ್ಲ, ಖರೆ. ಆದ್ರ ನನ್ನ ಮೂರೂ ಮಕ್ಕಳು ಹುಟ್ಟಿದ್ದು ಆಕಿ ಕೈಯಾಗ.”

ರವಿವಾರದ ತನಕ ತಡೆಯಲು ಹೇಳಿದೆ; ಅನಿರುದ್ಧನೂ ಅವತ್ತೇ ಪುಣೆಯಿಂದ ಬರುವುದಾಗಿ ಹೇಳಿದ. ಆ ರವಿವಾರ ಮುಂಜಾನೆ ನಾವೆಲ್ಲ ಹುನಗುಂದದ ಸುವರ್ಣಾ ಅವರ ಮನೆಯ ಹಿತ್ತಿಲಲ್ಲಿ ಸೇರಿದೆವು.

ನೀಲವ್ವ ತಗಡಿನ ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎಂಬತ್ತೇಳರ ವಯಸ್ಸು. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಕೈಯಲ್ಲಿ ಕೋಲು. ಅನಿರುದ್ಧನನ್ನು ಮೇಲಿಂದ ಕೆಳಗೆ ನೋಡಿ, “ಮೂಗು ಡಾಕ್ಟರ್ದ ಐತಿ,” ಎಂದರು. ಅವನು ತನ್ನ ಮೂಗು ಮುಟ್ಟಿ ನೋಡಿಕೊಂಡ.

ದಾವಲಸಾಬ ತಾಡಪತ್ರಿ ಎಳೆದ. ಧೂಳಿನೊಳಗಿಂದ ಹಸಿರು ಮೂಗು ಹೊರಬಂತು. ಅನಿರುದ್ಧ ಮುಂದೆ ಬಂದು, ದೇವರ ಮೂರ್ತಿ ಮುಟ್ಟುವಂತೆ, ಬಾಗಿಲಿನ ಅಂಚು ಮುಟ್ಟಿದ.

“ನಂಬರ್ ಎಲ್ಲಿ ಅದ ಮಿಸ್ತ್ರಿ?” ಎಂದೆ.

“ಮುಂದಿನ ಬಲಗಾಲಿ ಹಿಂದ, ಸ್ಪ್ರಿಂಗ್ ಕೂಡೂ ಜಾಗಾದಾಗ. ಮೂರ ಬಣ್ಣ ಕೂತೈತ್ರಿ ಅದರ ಮ್ಯಾಲ.”

ಅರವತ್ತು ದಾಟಿದ ನಾನು ಅಂಗಿ ಕಳಚಿಟ್ಟು, ಬನಿಯನ್ನಿನಲ್ಲೇ ಗಾಡಿಯ ಕೆಳಗೆ ತೂರಿದೆ. ಸ್ಪೋರ್ಟ್ಸ್ ಕಾರಿನ ಕೆಳಗೆ ತೂರುವುದೆಂದರೆ ಹಾಸಿಗೆಯಡಿ ಬೆಕ್ಕು ತೂರಿದಂತೆ. ಬಣ್ಣ ಕರಗಿಸುವ ಎಣ್ಣೆ ಹಚ್ಚಿ, ಕಾದು, ಒರೆಸಿ, ಮತ್ತೆ ಹಚ್ಚಿದೆ. ಅರ್ಧ ತಾಸಾಯಿತು. ಕಣ್ಣು ಮುಚ್ಚಿ ಬೆರಳಿಟ್ಟೆ. ಬೆಸುಗೆಯಿಲ್ಲ, ಕೆರೆದ ಗುರುತಿಲ್ಲ. ನಾಲ್ಕು ತಾಗಿತು. ಸೊನ್ನೆ ತಾಗಿತು. ಏಳು. ಆಮೇಲೆ ಒಂದು ನೆಟ್ಟನೆಯ ಗೀರು, ತಲೆಯಿಲ್ಲ, ಹೊಟ್ಟೆಯಿಲ್ಲ. ಒಂದು! ಆಮೇಲೆ ಎಂಟು.

“ಕಾಗದ ಕೊಡ್ರಿ! ಪೆನ್ಸಿಲ್ ಕೊಡ್ರಿ!” ಎಂದು ಒಳಗಿಂದಲೇ ಕೂಗಿದೆ. ಅಂಕಿಗಳು ಕಪ್ಪಿನೊಳಗಿಂದ ಎದ್ದು ಬಂದವು. ಆ ಕಾಗದ ಹಿಡಿದು ತೆವಳಿಕೊಂಡು ಹೊರಬಂದಾಗ ಮೈಯೆಲ್ಲ ಗ್ರೀಸು. ಕಣ್ಣಲ್ಲಿ ನೀರಿತ್ತೋ ಆ ಎಣ್ಣೆಯೋ ನನಗೇ ಗೊತ್ತಾಗಲಿಲ್ಲ.

ಪೆನ್ಸಿಲ್ ಅಚ್ಚು, ಕಸ್ಟಮ್ಸ್ ಕಾಗದ, ದಾನಪತ್ರ, ಗೋವಿಂದರಾಯರ ಪುಸ್ತಕ ನಾಲ್ಕನ್ನೂ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಅನಿರುದ್ಧ ಒಂದೊಂದನ್ನೇ ಓದಿದ. ಪುಸ್ತಕದ ಪುಟ ತಿರುವಿದ. ದಾನಪತ್ರದ ಜನವರಿ ಮೂವತ್ತೊಂಬತ್ತರ ಮೇಲೆ ಬೆರಳಿಟ್ಟು ಸಣ್ಣಗೆ ನಕ್ಕ.

“ನಮ್ಮ ಮನ್ಯಾಗ ಬ್ಯಾರೆ ಹೇಳಿದ್ರು,” ಎಂದ. “ಅಜ್ಜಾಗ ಕಣ್ಣು ಕಾಣಸೂದಿಲ್ಲ ಅಂತ ಮೋಸ ಮಾಡಿ ಇಟ್ಕೊಂಡ್ರು ಅಂತ.”

ನೀಲವ್ವ ಕೋಲು ನೆಲಕ್ಕೆ ಕುಟ್ಟಿದರು.

“ಕುಂದರ ಇಲ್ಲೆ. ಕೇಳು. ಶಿರೂರ ಕಡೆ ಒಂದು ಹೊಲದ ಮನಿ. ಮೊದಲನೇ ಬಸಿರು, ಕೂಸು ಅಡ್ಡ ಬಿದ್ದೈತಿ ಅಂತ ಸುದ್ದಿ ಬಂತು. ಎರಡ ಸೀಟಿನ್ಯಾಗ ಡ್ರೈವರ್, ಡಾಕ್ಟರು, ನಾ ಮೂರೂ ಮಂದಿ ಒತ್ಕೊಂಡು ಹೋದ್ವಿ. ನಡುವ ಹಳ್ಳ ಬಂದೈತಿ. ಡ್ರೈವರ್ ಇಳದು, ನಾ ಒಲ್ಲೆ ಅಂದ. ನಿಮ್ಮಜ್ಜಾಗ ಆಗಲೇ ಕಣ್ಣು ಮಂಜು. ಅವ್ರು ನನ್ನ ಕಡೆ ತಿರುಗಿ, ‘ನೀಲಾ, ಮಹಾಕೂಟದ ರಸ್ತೇದಾಗ ಕಲಸೀನಲ್ಲ, ಈಗ ನಡಸು’ ಅಂದ್ರು. ನಾ ನಡಸಿದೆ. ನೀರು ಬಾಗಲಕ್ಕ ಬಡೀತಿತ್ತು. ಎಕ್ಸಲೇಟರ್ ಮ್ಯಾಲಿಂದ ಕಾಲು ತಗೀಲಿಲ್ಲ, ತಗದ್ರ ಸೈಲೆನ್ಸರದಾಗ ನೀರು ಹೊಕ್ಕತೈತಿ. ನಿಮ್ಮಜ್ಜ ಔಷಧಿ ಪೆಟಗಿ ತಲಿ ಮ್ಯಾಲೆ ಹೊತ್ಕೊಂಡು ಕುಂತಿದ್ರು. ತಾಯಿ ಉಳಿದ್ಲು, ಕೂಸೂ ಉಳೀತು. ಹೊಳ್ಳಿ ಬರೂವಾಗ ಅಂದ್ರು, ‘ಈ ಮೋಟಾರ ಇನ್ನ ನಿಂದು. ನನಗ ಕಣ್ಣು ಹೋದ್ರೂ ಹೆರಿಗಿ ನಿಲ್ಲಬಾರದು.’ ನಾ ಬ್ಯಾಡ ಅಂದೆ. ಕೇಳಲಿಲ್ಲ.”

“ಅಜ್ಜನ ಬಾಯಿಂದ ಇದನ್ನ ಕೇಳೂದು ನನಗ ಸಿಗಲೇ ಇಲ್ಲ,” ಎಂದ ಅನಿರುದ್ಧ.

“ನೀ ಹುಟ್ಟೂದ್ರಾಗ ಹೋಗಿಬಿಟ್ಟಿದ್ರಲ್ಲೋ,” ಎಂದರು ಮುದುಕಿ, ಮೊಮ್ಮಗನಿಗೆ ಹೇಳುವ ದನಿಯಲ್ಲಿ.

ಅವನು ಅಲ್ಲೇ ಕಟ್ಟೆಯ ಮೇಲೆ ಕೂತು ತಕರಾರು ಹಿಂತೆಗೆದ ಕಾಗದ ಬರೆಯತೊಡಗಿದ. ಸುವರ್ಣಾ ನನ್ನ ಕೈ ಹಿಡಿದು, “ನಿಮ್ಮ ಉಪಕಾರ ಮರಿಯೂದಿಲ್ರಿ,” ಎಂದರು. ಆ ಮಾತು ನನಗೆ ಚುಚ್ಚಿತು. ಇನ್ನು ಸುಮ್ಮನಿರಲು ಆಗಲಿಲ್ಲ.

“ಉಪಕಾರ ಅನಬ್ಯಾಡ್ರಿ,” ಎಂದೆ. “ಅಂದಿನ ವರದಿ ಬರದಾಂವ ನಾನ. ಗಾಡಿ ನೋಡಲಿಲ್ಲ, ಪತ್ರ ಪೂರ್ತಿ ಓದಲಿಲ್ಲ. ಒಂದನ್ನ ಒಂಬತ್ತು ಅಂತ ಓದಿ ಸಹಿ ಮಾಡಿದೆ.”

ಸುವರ್ಣಾ ಕೈ ಬಿಟ್ಟರು. ಅನಿರುದ್ಧನ ಪೆನ್ನು ನಿಂತಿತು. ನನ್ನ ಕಣ್ಣು ನೀಲವ್ವನ ಕಾಲ ಮೇಲಿತ್ತು. ಮೇಲೆ ನೋಡುವ ಧೈರ್ಯವಾಗಲಿಲ್ಲ.

“ನೀನ ಏನೋ?” ಎಂದರು ಆಕೆ. ಅಲ್ಲಿಯವರೆಗೆ ಸಾಹೇಬ್ರ ಎನ್ನುತ್ತಿದ್ದವರು ನೀ ಎಂದರು.

“ಹೌದ್ರಿ.”

“ಪೊಲೀಸ ಬಂದಾಗ ಇಕಿ ಸುವರ್ಣಾ ಬಿ.ಎಡ್. ಪರೀಕ್ಷಾಕ್ಕ ಓದಾಕ ಕುಂತಿದ್ಲು. ಪುಸ್ತಕ ಬಿಟ್ಟು ಹೊರಗ ಬಂದು ಅತ್ಲು. ನಾ ಅಳಲಿಲ್ಲ. ಮರುದಿನ ಬಸ್ಸಿಗೆ ಹೋದೆ ಹಳ್ಳಿಗೆ. ಒಂದ ಸಲ ಬಸ್ಸ ತಡಾ ಆತು. ಕೂಸು ಹೋತು.” ಅವರು ಕೋಲಿನಿಂದ ಕಾರಿನ ಕಡೆ ತೋರಿಸಿದರು. “ಮೋಟಾರ ಇದ್ರ ಉಳೀತಿತ್ತು ಅಂತ ಹೇಳಾಕಾಗೂದಿಲ್ಲ. ಆದ್ರ ಅವತ್ತು ಭಾಳ ಸಿಟ್ಟು ಬಂದಿತ್ತು, ಆ ಸಹಿ ಮಾಡಿದಾವನ ಮ್ಯಾಲೆ.”

ನಾನು ಬಾಗಿ ಅವರ ಕಾಲು ಮುಟ್ಟಿದೆ. ಅವರು ಕೋಲಿನ ತುದಿಯಿಂದ ನನ್ನ ಭುಜ ತಿವಿದು ಎಬ್ಬಿಸಿದರು.

“ಕಾಲು ಹಿಡದ್ರ ಏನ್ ಬಂತು? ನೀ ಬರದದ್ದರಿಂದ ಹೋಗೇತಿ, ನೀ ಬರದರನ ಹೊಳ್ಳಿ ಬರಬೇಕು. ತಪ್ಪಾತಂತ ಕಾಗದದ ಮ್ಯಾಲೆ ಬರಿ. ನಿನ್ನ ಹೆಸರು ಹಾಕು, ಚಂದಂಗ, ಓದಾಕ ಬರೂವಂಗ.”

ಬರೆದೆ. ಮೂವತ್ತಾರು ವರ್ಷಗಳಲ್ಲಿ ಸಾವಿರಾರು ವರದಿ ಬರೆದಿದ್ದೇನೆ. ಅಷ್ಟು ನಿಧಾನವಾಗಿ, ಅಷ್ಟು ಗುಂಡಗೆ ಯಾವುದನ್ನೂ ಬರೆದಿಲ್ಲ. ‘ಹಿಂದಿನ ವರದಿ ನನ್ನದೇ, ಅದು ತಪ್ಪು, ತಪ್ಪು ನನ್ನದು, ವಾಹನದ ನಂಬರಿನಲ್ಲಿ ಯಾವ ತಿದ್ದುಪಡಿಯೂ ಆಗಿಲ್ಲ, ಒಡತಿ ನಿರ್ದೋಷಿ’ ಎಂದು ಬರೆದು ಪೂರ್ತಿ ಹೆಸರು ಹಾಕಿದೆ. ಈ ವೃತ್ತಿಗೆ ಬರುವವರು ಇದೊಂದನ್ನು ನೆನಪಿಡಿ: ನಿಮ್ಮ ಹಳೆಯ ವರದಿಯೊಂದು ತಪ್ಪೆಂದು ಗೊತ್ತಾದರೆ, ಅದರ ಕೆಳಗೆ ಹೊಸ ಸಹಿ ಹಾಕಲು ಹಿಂಜರಿಯಬೇಡಿ. ಹೆಸರು ಹೋಗುತ್ತದೆಂದು ಹೆದರಿದ್ದೆ. ಹೋಗಲಿಲ್ಲ. ಸುವರ್ಣಾ ಮಾತ್ರ ನನ್ನ ಜೊತೆ ಮಾತಾಡಲು ಒಂದು ತಿಂಗಳು ತೆಗೆದುಕೊಂಡರು. ಅದು ನ್ಯಾಯವೇ.

ನೋಂದಣಿಯಾಗಲು ಮುಂದೆ ನಾಲ್ಕು ತಿಂಗಳು ಹಿಡಿಯಿತು. ಅರ್ಜಿಯಲ್ಲಿ ಮಗಳು ತನ್ನ ಹೆಸರು ಬರೆಯಲು ಹೋದಾಗ ನೀಲವ್ವ ಕೈ ಹಿಡಿದು ನಿಲ್ಲಿಸಿದರಂತೆ. ಕಾಗದದಲ್ಲಿ ಒಡತಿಯ ಹೆಸರು ನೀಲವ್ವ ಎಂದೇ ಬಂತು. ಅಷ್ಟರಲ್ಲಿ ದಾವಲಸಾಬ ಹುನಗುಂದದಲ್ಲೇ ಠಿಕಾಣಿ ಹೂಡಿ ಎಂಜಿನ್ ಬಿಚ್ಚಿ ಜೋಡಿಸಿದ್ದ. ಅನಿರುದ್ಧ ಎಲ್ಲಿಂದಲೋ ಟೈರು ತರಿಸಿ ಕೊಟ್ಟ.

ಗಾಡಿ ಮೊದಲು ಓಡಿದ್ದು ಸುವರ್ಣಾ ಅವರ ಶಾಲೆಯ ಬಯಲಿನಲ್ಲಿ, ಒಂದು ರವಿವಾರ. ನಾನು ಅಷ್ಟೊತ್ತಿಗೆ ನಿವೃತ್ತನಾಗಿದ್ದೆ. ದಾವಲಸಾಬ ಹ್ಯಾಂಡಲ್ ಹೊಡೆದ. ಒಂದು ಸಲ ಕೆಮ್ಮಿತು. ಎರಡನೆಯ ಸಲ ಗುಡುಗಿತು! ಬೇವಿನ ಮರದ ಗಿಳಿಗಳೆಲ್ಲ ಹಾರಿದವು. ಆ ಸದ್ದನ್ನು ಹೇಗೆ ಹೇಳಲಿ? ಎದೆಯೊಳಗೆ ಡೊಳ್ಳು ಇಟ್ಟು ಬಡಿದಂತೆ. ನೀಲವ್ವನನ್ನು ಪಕ್ಕದ ಸೀಟಿನ ಕಡೆಗೆ ಕರೆದೊಯ್ದರೆ ಅವರು ಕೋಲಿನಿಂದ ಅನಿರುದ್ಧನಿಗೆ ಅತ್ತ ತೋರಿಸಿ, “ನೀ ಅಲ್ಲಿ ಕುಂದರು,” ಎಂದು ತಾವು ಸ್ಟೇರಿಂಗಿನ ಹಿಂದೆ ಇಳಿದು ಕೂತರು. ಕೋಲನ್ನು ನನ್ನ ಕೈಗೆ ಕೊಟ್ಟರು.

“ಅವ್ವಾ, ಒಂದ ಸುತ್ತ ಅಷ್ಟ!” ಎಂದರು ಸುವರ್ಣಾ.

ಗೇರು ಗರ್ ಎಂದಿತು, ಕಚ್ಚಿಕೊಂಡಿತು. ಕಾರು ಮೊದಲು ಗುಬ್ಬಿಯಂತೆ ಕುಪ್ಪಳಿಸಿ, ಆಮೇಲೆ ಸರಾಗವಾಗಿ ಹೊರಟಿತು. ಒಂದು ಸುತ್ತು. ನಾವು ಚಪ್ಪಾಳೆ ತಟ್ಟಿದೆವು. ಎರಡು ಸುತ್ತು. ಸೆರಗು ಹಿಂದೆ ಹಾರುತ್ತಿತ್ತು. “ಅವ್ವಾ, ಸಾಕು!” ಎಂದು ಮಗಳು ಹಿಂದೆ ಓಡುತ್ತಿದ್ದರು. ದಾವಲಸಾಬ ನಗು ತಡೆಯಲಾರದೆ ನೆಲಕ್ಕೆ ಕೂತುಬಿಟ್ಟಿದ್ದ. ಮೂರನೆಯ ಸುತ್ತಿನಲ್ಲಿ ಕಾರು ನೆಟ್ಟಗೆ ಗೇಟಿನ ಬಳಿ ಬಂದು ನಿಂತಿತು. ಗೇಟಿನಲ್ಲಿ ನಿಂತಿದ್ದವನು ನಾನೊಬ್ಬನೇ. ಆಚೆ ಅಮೀನಗಡದ ರಸ್ತೆ.

ಆಕೆಯ ಲೈಸೆನ್ಸು ಮುಗಿದು ಎಷ್ಟು ವರ್ಷವಾಗಿತ್ತೋ ದೇವರೇ ಬಲ್ಲ. ಲೈಸೆನ್ಸಿಲ್ಲದವರು ಓಡಿಸಿದರೆಂದು ಎಷ್ಟು ಜನರ ವಿಮೆ ತಿರಸ್ಕರಿಸಿ ಬರೆದಿದ್ದೇನೋ ನಾನು.

“ನನಗ ಕುತ್ತಿಗಿ ಹೊಳ್ಳೂದಿಲ್ಲ,” ಎಂದರು ನೀಲವ್ವ, ಎಂಜಿನ್ನಿನ ಸದ್ದಿನ ಮೇಲೆ ಕೂಗಿ. “ರಸ್ತಾ ಖಾಲಿ ಐತೇನ ನೋಡು.”

ಪಕ್ಕದಲ್ಲಿ ಅನಿರುದ್ಧ ಎರಡೂ ಕೈಯಿಂದ ಬಾಗಿಲು ಹಿಡಿದುಕೊಂಡು, ಹೆದರಿಕೆಗೋ ಆನಂದಕ್ಕೋ, ಬಾಯಿ ತೆರೆದು ನಗುತ್ತಿದ್ದ.

ನಾನು ರಸ್ತೆಗಿಳಿದೆ. ಎಡಕ್ಕೆ ನೋಡಿದೆ. ಬಲಕ್ಕೆ ನೋಡಿದೆ. ಇನ್ನೊಮ್ಮೆ ಎಡಕ್ಕೆ ನೋಡಿದೆ.

“ಖಾಲಿ ಅದರಿ,” ಎಂದು ಕೋಲು ಬೀಸಿದೆ. “ಹೋಗ್ರಿ!”